ಲೋಹ ಕೊರೆತದಲ್ಲಿ ಸ್ಪಿಂಡಲ್ ಸಾಮರ್ಥ್ಯ ಮತ್ತು ಟಾರ್ಕಿನ ಅಂದಾಜು

ಗೊತ್ತಾದ ವ್ಯಾಸದ ಡ್ರಿಲ್ಲನ್ನು ಗೊತ್ತಾದ ವೇಗ ಮತ್ತು ಫೀಡಿನಲ್ಲಿ ಲೋಹದೊಳಗೆ ಇಳಿಸಲು ಯಂತ್ರದ ಸ್ಪಿಂಡಲ್ ಎಷ್ಟು ಟಾರ್ಕ್ ಕೊಡಬೇಕು, ಅದಕ್ಕೆ ಎಷ್ಟು ಕಿಲೋವ್ಯಾಟ್ ಬೇಕು ಎಂಬುದನ್ನು ಕೆಲಸಕ್ಕೆ ಮೊದಲೇ ಕಂಡುಕೊಳ್ಳುವ ಲೆಕ್ಕವೇ ಸ್ಪಿಂಡಲ್ ಸಾಮರ್ಥ್ಯ ಮತ್ತು ಟಾರ್ಕಿನ ಅಂದಾಜು. ಯಂತ್ರದ ಆಯ್ಕೆ, ಮೋಟರಿನ ಗಾತ್ರ, ಜಾಬನ್ನು ಬಿಗಿಯುವ ಫಿಕ್ಸ್ಚರಿನ ವಿನ್ಯಾಸ, ಕತ್ತರಿಸುವ ವೇಗದ ನಿರ್ಧಾರ ಎಲ್ಲವೂ ಇದರ ಮೇಲೆ ನಿಂತಿವೆ. ಸಾಮರ್ಥ್ಯ ಮತ್ತು ಟಾರ್ಕ್ ಒಂದಕ್ಕೊಂದು ಹೊಂದಿಕೊಂಡಿದ್ದರೂ ಯಂತ್ರಕ್ಕೆ ಅವು ಎರಡು ಬೇರೆ ಬೇರೆ ಮಿತಿಗಳು. ಕಿಲೋವ್ಯಾಟ್ ಸಾಕಷ್ಟಿರುವ ಯಂತ್ರವೂ ಟಾರ್ಕ್ ಸಾಲದೆ ನಿಂತುಬಿಡಬಹುದು.

ಪದಗಳು ಮತ್ತು ಮಾನಗಳು

ಈ ಲೇಖನದಲ್ಲಿ ‘ಟಾರ್ಕ್’ ಎಂದರೆ ಸ್ಪಿಂಡಲ್ಲಿನ ಅಕ್ಷದ ಸುತ್ತ ಡ್ರಿಲ್ಲನ್ನು ತಿರುಗಿಸುವ ಭ್ರಾಮಕ, ಮಾನ ನ್ಯೂಟನ್-ಮೀಟರ್. ‘ಸಾಮರ್ಥ್ಯ’ ಎಂದರೆ ಕೆಲಸ ನಡೆಯುವ ದರ, ಮಾನ ಕಿಲೋವ್ಯಾಟ್. ಕಾರ್ಖಾನೆಗಳಲ್ಲಿ ಇಂದಿಗೂ ಎಚ್‌ಪಿ ಲೆಕ್ಕವೇ ಬಾಯಲ್ಲಿರುವುದರಿಂದ 1 ಎಚ್‌ಪಿ ಎಂದರೆ 0.746 ಕಿಲೋವ್ಯಾಟ್ ಎಂಬುದನ್ನು ನೆನಪಿಡಬೇಕು. ‘ಥ್ರಸ್ಟ್’ ಎಂದರೆ ಡ್ರಿಲ್ಲನ್ನು ಅಕ್ಷದ ದಿಕ್ಕಿನಲ್ಲಿ ಲೋಹದೊಳಗೆ ಒತ್ತುವ ಬಲ. ‘ಫೀಡ್’ ಎಂದರೆ ಒಂದು ಸುತ್ತಿಗೆ ಡ್ರಿಲ್ ಮುಂದೆ ಸರಿಯುವ ದೂರ, ಮಿಲಿಮೀಟರಿನಲ್ಲಿ. ‘ಕತ್ತರಿಸುವ ವೇಗ’ ಎಂದರೆ ಡ್ರಿಲ್ಲಿನ ಹೊರಅಂಚಿನ ಸುತ್ತುವೇಗ, ನಿಮಿಷಕ್ಕೆ ಮೀಟರಿನಲ್ಲಿ. ಎಲ್ಲ ಸೂತ್ರಗಳಲ್ಲೂ ವ್ಯಾಸ ಮಿಲಿಮೀಟರಿನಲ್ಲಿದೆ.

ಇತಿಹಾಸ

ಲೋಹ ಕೊರೆಯುವಾಗ ವ್ಯಯವಾಗುವ ಕೆಲಸದ ಕಡೆಗೆ ವಿಜ್ಞಾನಿಗಳ ಕಣ್ಣು ಮೊದಲು ಹೊರಳಿದ್ದು ಫಿರಂಗಿ ಕಾರ್ಖಾನೆಯಲ್ಲಿ. ಕೌಂಟ್ ರಂಫೋರ್ಡ್ ಎಂದು ಹೆಸರಾದ ಬೆಂಜಮಿನ್ ಥಾಂಪ್ಸನ್ ಮ್ಯೂನಿಕ್‌ನಲ್ಲಿ ಕುದುರೆಗಳ ಬಲದಿಂದ ಮೊಂಡು ಬೋರರನ್ನು ಫಿರಂಗಿಯ ಲೋಹಕ್ಕೆ ಒತ್ತಿಸಿ, ಹುಟ್ಟಿದ ಬಿಸಿಯಿಂದ ನೀರು ಕುದಿಸಿ ತೋರಿಸಿದರು. 1798ರಲ್ಲಿ ಅದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ವರದಿ ಮಾಡಿದರು. ಅವರ ಗುರಿ ಉಷ್ಣದ ಸ್ವರೂಪವನ್ನು ತಿಳಿಯುವುದಾಗಿತ್ತು. ಕೊರೆತಕ್ಕೆ ಬೇಕಾಗುವ ಕೆಲಸವನ್ನೇ ಅಳೆಯಲು ಹೊರಟವರು ಕೊಕಿಲ್ಹಾ. ಇಷ್ಟು ಗಾತ್ರದ ಲೋಹ ತೆಗೆಯಲು ಇಷ್ಟು ಕೆಲಸ ಎಂಬ ಅವರ ಪ್ರಯೋಗಗಳು 1851ರಲ್ಲಿ ಬೆಲ್ಜಿಯಂನಲ್ಲಿ ಪ್ರಕಟವಾದವು. ಇಂದಿನ ‘ನಿರ್ದಿಷ್ಟ ಕತ್ತರಿಸುವ ಬಲ’ದ ಬೀಜ ಅಲ್ಲಿದೆ.

ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಟ್ವಿಸ್ಟ್ ಡ್ರಿಲ್ಲಿಗೆ ಪೇಟೆಂಟ್ ಪಡೆದ ಮೇಲೆ ಡ್ರಿಲ್ಲಿಗೆ ಒಂದು ಸ್ಥಿರವಾದ ಆಕಾರ ಬಂತು. ಆಕಾರ ನಿಂತ ಮೇಲೆ ಲೆಕ್ಕವೂ ಸಾಧ್ಯವಾಯಿತು. ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ 19ನೆಯ ಶತಮಾನದ ಕೊನೆಯಲ್ಲಿ ರೂಪಿಸಿದ ಹೈಸ್ಪೀಡ್ ಸ್ಟೀಲ್ (ಎಚ್‌ಎಸ್‌ಎಸ್) ಕತ್ತರಿಸುವ ವೇಗವನ್ನು ಹಲವು ಪಟ್ಟು ಹೆಚ್ಚಿಸಿತು. ಆಗ ಹಳೆಯ ಬೆಲ್ಟ್ ಯಂತ್ರಗಳ ಸಾಮರ್ಥ್ಯ ಸಾಲದಾಗಿ, ‘ಎಷ್ಟು ಬೇಕು’ ಎಂಬ ಪ್ರಶ್ನೆ ತುರ್ತಿನದಾಯಿತು. ಜರ್ಮನಿಯ ಒಟ್ಟೊ ಕೀನ್ಸ್ಲೆ 1952ರಲ್ಲಿ ಪ್ರಕಟಿಸಿದ ಸೂತ್ರ ಇಂದು ಯುರೋಪು ಮತ್ತು ಭಾರತದ ಉಪಕರಣ ಕ್ಯಾಟಲಾಗುಗಳಲ್ಲಿ ಹಾಸುಹೊಕ್ಕಾಗಿದೆ. ಅಮೆರಿಕದಲ್ಲಿ ಮಿಲ್ಟನ್ ಶಾ ಮತ್ತು ಸಿ. ಜೆ. ಆಕ್ಸ್‌ಫರ್ಡ್ 1957ರಲ್ಲಿ ಪ್ರಕಟಿಸಿದ ಅಧ್ಯಯನ ಡ್ರಿಲ್ಲಿನ ಟಾರ್ಕ್ ಮತ್ತು ಥ್ರಸ್ಟನ್ನು ಲೋಹದ ಬ್ರಿನೆಲ್ ಗಡಸುತನದೊಂದಿಗೆ ಜೋಡಿಸಿತು.

ಭಾರತದಲ್ಲಿ ಈ ವಿಷಯದ ಬೇರು ಬೆಂಗಳೂರಿನಲ್ಲಿದೆ. ಎಚ್‌ಎಂಟಿ 1953ರಲ್ಲಿ ಅಲ್ಲಿ ಯಂತ್ರೋಪಕರಣ ಕಾರ್ಖಾನೆಯಾಗಿ ಸ್ಥಾಪನೆಯಾಯಿತು. 1962ರಲ್ಲಿ ಆರಂಭವಾದ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ, ಅಂದರೆ ಈಗಿನ ಸಿಎಂಟಿಐ, ಸಿದ್ಧಪಡಿಸಿದ ಯಂತ್ರೋಪಕರಣ ವಿನ್ಯಾಸದ ಕೈಪಿಡಿ ದೇಶದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ವಿನ್ಯಾಸ ಕಚೇರಿಗಳಲ್ಲೂ ಬಳಕೆಯಲ್ಲಿದೆ.

ಡ್ರಿಲ್ಲಿನ ತುದಿಯಲ್ಲಿ ನಡೆಯುವುದು

ಟ್ವಿಸ್ಟ್ ಡ್ರಿಲ್ಲಿಗೆ ಎರಡು ಮುಖ್ಯ ಕತ್ತರಿಸುವ ಅಂಚುಗಳಿವೆ. ಒಂದು ಸುತ್ತಿನ ಫೀಡನ್ನು ಎರಡೂ ಅರ್ಧರ್ಧ ಹಂಚಿಕೊಳ್ಳುತ್ತವೆ. ನಡುವೆ, ಎರಡು ಅಂಚುಗಳನ್ನು ಕೂಡಿಸುವ ಚಿಸೆಲ್ ಅಂಚು ಇದೆ. ಟಾರ್ಕಿನ ಬಹುಪಾಲು ಹುಟ್ಟುವುದು ಮುಖ್ಯ ಅಂಚುಗಳಲ್ಲಿ, ಅದರಲ್ಲೂ ಅಕ್ಷದಿಂದ ದೂರವಿರುವ ಹೊರಭಾಗದಲ್ಲಿ. ಚಿಸೆಲ್ ಅಂಚಿನ ಸ್ಥಿತಿ ಬೇರೆ. ಅಲ್ಲಿ ಸುತ್ತುವೇಗ ಸೊನ್ನೆಗೆ ಹತ್ತಿರ, ರೇಕ್ ಕೋನ (ಕತ್ತರಿಸುವ ಮುಖದ ಓರೆ) ಬಹಳ ಋಣಾತ್ಮಕ. ಹಾಗಾಗಿ ಅದು ಲೋಹವನ್ನು ಕತ್ತರಿಸುವುದಕ್ಕಿಂತ ಒತ್ತಿ ಬದಿಗೆ ತಳ್ಳುತ್ತದೆ. ಅಕ್ಷದ ಮೇಲೆಯೇ ಇರುವುದರಿಂದ ಅದು ಟಾರ್ಕಿಗೆ ಸೇರಿಸುವುದು ಅಲ್ಪ. ಥ್ರಸ್ಟಿಗೆ ಸೇರಿಸುವುದು ಸಾಣೆಯ ಬಗೆಯನ್ನು ಅವಲಂಬಿಸಿ ಅರ್ಧ ಅಥವಾ ಅದಕ್ಕೂ ಹೆಚ್ಚು.

ಇದರ ಜೊತೆಗೆ ಡ್ರಿಲ್ಲಿನ ಮಾರ್ಜಿನ್ (ಬದಿಯ ಕಿರಿದಾದ ಪಟ್ಟಿ) ತೂತಿನ ಗೋಡೆಗೆ ಉಜ್ಜುವ ಘರ್ಷಣೆ, ಫ್ಲೂಟಿನಲ್ಲಿ (ಡ್ರಿಲ್ಲಿನ ಸುರುಳಿ ಕಾಲುವೆಯಲ್ಲಿ) ಮೇಲೇರುವ ಚಿಪ್‌ಗಳ ಘರ್ಷಣೆ ಇವೆ. ತೂತು ವ್ಯಾಸದ ಮೂರು ಪಟ್ಟಿಗಿಂತ ಆಳವಾದಾಗ ಈ ಎರಡನೆಯದು ಬೆಳೆಯುತ್ತಾ ಹೋಗುತ್ತದೆ.

ನಿರ್ದಿಷ್ಟ ಕತ್ತರಿಸುವ ಬಲ

ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ಚಿಪ್ ತೆಗೆಯಲು ಬೇಕಾಗುವ ಬಲವೇ ನಿರ್ದಿಷ್ಟ ಕತ್ತರಿಸುವ ಬಲ. ಇದು ಲೋಹಕ್ಕೆ ಅಂಟಿದ ಸ್ಥಿರಾಂಕವಲ್ಲ. ಚಿಪ್ ತೆಳುವಾದಷ್ಟೂ ಏರುತ್ತದೆ, ಏಕೆಂದರೆ ಕತ್ತರಿಸುವ ಅಂಚಿನ ದುಂಡುತನ ಮತ್ತು ಉಜ್ಜುವಿಕೆಯ ಪಾಲು ತೆಳು ಚಿಪ್‌ನಲ್ಲಿ ದೊಡ್ಡದಾಗುತ್ತದೆ. ಕೀನ್ಸ್ಲೆ ಸೂತ್ರ ಇದನ್ನು ಹೀಗೆ ಹಿಡಿದಿಡುತ್ತದೆ:

ನಿರ್ದಿಷ್ಟ ಬಲ = ಮೂಲಮೌಲ್ಯ ÷ (ಚಿಪ್‌ನ ದಪ್ಪ)ನ ಘಾತ

ಮೂಲಮೌಲ್ಯ ಎಂದರೆ 1 ಮಿಲಿಮೀಟರ್ ಅಗಲ, 1 ಮಿಲಿಮೀಟರ್ ದಪ್ಪದ ಚಿಪ್‌ಗೆ ಬೇಕಾದ ಬಲ. ಘಾತಾಂಕ ಲೋಹದಿಂದ ಲೋಹಕ್ಕೆ ಬದಲಾಗುತ್ತದೆ. ಪ್ರಚಲಿತ ಕೋಷ್ಟಕಗಳಲ್ಲಿ ಸಿ-45 ಉಕ್ಕಿಗೆ (ನಮ್ಮ ಕಾರ್ಖಾನೆಗಳ ಇಎನ್-8ಕ್ಕೆ ಹತ್ತಿರದ್ದು) ಮೂಲಮೌಲ್ಯ 2220 ನ್ಯೂಟನ್, ಘಾತಾಂಕ 0.14, ಕ್ರೋಮ್-ಮಾಲಿಬ್ಡಿನಮ್ ಉಕ್ಕಿಗೆ (ಇಎನ್-19ರ ಬಗೆ) 2500 ಮತ್ತು 0.26, ಬೂದು ಬೀಡುಕಬ್ಬಿಣಕ್ಕೆ ಸುಮಾರು 1160 ಮತ್ತು 0.26.

ಡ್ರಿಲ್ಲಿನಲ್ಲಿ ಚಿಪ್‌ನ ದಪ್ಪ ಎಂದರೆ ಫೀಡಿನ ಅರ್ಧವನ್ನು ತುದಿಕೋನದ ಅರ್ಧದ ಸೈನ್‌ನಿಂದ ಗುಣಿಸಿದಾಗ ಬರುವ ಗುಣಲಬ್ಧ. ಸಾಮಾನ್ಯವಾದ 118 ಡಿಗ್ರಿ ತುದಿಗೆ ಆ ಸೈನ್ 0.857.

ಕೋಷ್ಟಕಗಳ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಬಹುತೇಕ ಮೂಲಮೌಲ್ಯಗಳು ಟರ್ನಿಂಗ್ ಪ್ರಯೋಗಗಳಿಂದ ಬಂದವು, ಮತ್ತು ಬೇರೆ ಬೇರೆ ತಯಾರಕರು ಬೇರೆ ಬೇರೆ ರೇಕ್ ಕೋನವನ್ನು ಆಧಾರವಾಗಿಟ್ಟುಕೊಂಡಿದ್ದಾರೆ. ರೇಕ್ ಕೋನ ಒಂದು ಡಿಗ್ರಿ ಬದಲಾದರೆ ಬಲ ಸುಮಾರು 1ರಿಂದ 1.5 ಶೇಕಡಾ ಬದಲಾಗುತ್ತದೆ. ಒಂದು ಪುಸ್ತಕದ ಮೂಲಮೌಲ್ಯವನ್ನೂ ಇನ್ನೊಂದರ ಘಾತಾಂಕವನ್ನೂ ಬೆರೆಸಿದರೆ ಉತ್ತರ ನಂಬಲು ಬರುವುದಿಲ್ಲ.

ಲೆಕ್ಕದ ಸೂತ್ರಗಳು

ಒಂದೊಂದು ಅಂಚೂ ಅರ್ಧ ವ್ಯಾಸದಷ್ಟು ಅಗಲದಲ್ಲಿ, ಅರ್ಧ ಫೀಡಿನಷ್ಟು ಆಳಕ್ಕೆ ಕತ್ತರಿಸುತ್ತದೆ. ಅದರ ಬಲ ಅಕ್ಷದಿಂದ ವ್ಯಾಸದ ಕಾಲುಭಾಗ ದೂರದಲ್ಲಿ ಕೆಲಸ ಮಾಡುತ್ತದೆ ಎಂದು ಎಣಿಸಿದರೆ ಎರಡೂ ಅಂಚು ಸೇರಿ:

ಟಾರ್ಕ್ = ನಿರ್ದಿಷ್ಟ ಬಲ × ಫೀಡ್ × ವ್ಯಾಸದ ವರ್ಗ ÷ 8000

ಸಾಮರ್ಥ್ಯ = ಟಾರ್ಕ್ × ಆರ್‌ಪಿಎಂ ÷ 9550

ಆರ್‌ಪಿಎಂ = 1000 × ಕತ್ತರಿಸುವ ವೇಗ ÷ (ಪೈ × ವ್ಯಾಸ)

ಲೋಹ ತೆಗೆಯುವ ದರದ ಮೂಲಕವೂ ಇದೇ ಉತ್ತರಕ್ಕೆ ಬರಬಹುದು. ವೇಗ, ವ್ಯಾಸ, ಫೀಡ್ ಮೂರನ್ನೂ ಗುಣಿಸಿ ನಾಲ್ಕರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಸೆಂಟಿಮೀಟರ್ ಎಂಬುದು ಸಿಗುತ್ತದೆ. ನಿರ್ದಿಷ್ಟ ಬಲ 3000 ಇರುವ ಉಕ್ಕಿನಲ್ಲಿ ನಿಮಿಷಕ್ಕೆ ಒಂದು ಘನ ಸೆಂಟಿಮೀಟರಿಗೆ 0.05 ಕಿಲೋವ್ಯಾಟ್ ಬೇಕು. ಅವಸರದ ಲೆಕ್ಕಕ್ಕೆ ಇದೊಂದು ಅಂಕಿ ಸಾಕು.

ಸೂತ್ರದಲ್ಲಿ ವ್ಯಾಸದ ವರ್ಗ ಇರುವುದನ್ನು ಗಮನಿಸಬೇಕು. ಕತ್ತರಿಸುವ ವೇಗ ಮತ್ತು ಫೀಡ್ ಅಷ್ಟೇ ಇಟ್ಟು ವ್ಯಾಸ ಎರಡು ಪಟ್ಟಾದರೆ ಟಾರ್ಕ್ ನಾಲ್ಕು ಪಟ್ಟಾಗುತ್ತದೆ, ಸಾಮರ್ಥ್ಯ ಮಾತ್ರ ಎರಡೇ ಪಟ್ಟು. ದೊಡ್ಡ ತೂತುಗಳಲ್ಲಿ ಟಾರ್ಕೇ ಮೊದಲು ಅಡ್ಡ ಬರುವುದು ಇದರಿಂದಲೇ. ಫೀಡ್ ಎರಡು ಪಟ್ಟಾದರೆ ಸಿ-45ರಲ್ಲಿ ಟಾರ್ಕ್ ಏರುವುದು 1.8 ಪಟ್ಟಿನಷ್ಟು, ತೆಗೆದ ಲೋಹದ ಒಂದು ಘನ ಸೆಂಟಿಮೀಟರಿಗೆ ಖರ್ಚಾಗುವ ಶಕ್ತಿ ಇಳಿಯುತ್ತದೆ.

ಒಂದು ಪೂರ್ಣ ಉದಾಹರಣೆ

ಸಿ-45 ಉಕ್ಕಿನಲ್ಲಿ 20 ಮಿಲಿಮೀಟರ್ ಎಚ್‌ಎಸ್‌ಎಸ್ ಡ್ರಿಲ್, ಫೀಡ್ 0.25, ಕತ್ತರಿಸುವ ವೇಗ 25 ಎಂದಿಟ್ಟುಕೊಳ್ಳೋಣ. ಸ್ಪಿಂಡಲ್ ವೇಗ 398 ಆರ್‌ಪಿಎಂ. ಚಿಪ್‌ನ ದಪ್ಪ 0.107 ಮಿಲಿಮೀಟರ್. ನಿರ್ದಿಷ್ಟ ಬಲ 2220ರಿಂದ ಸುಮಾರು 3035ಕ್ಕೆ ಏರುತ್ತದೆ. ಟಾರ್ಕ್ 37.9 ನ್ಯೂಟನ್-ಮೀಟರ್, ಸಾಮರ್ಥ್ಯ 1.58 ಕಿಲೋವ್ಯಾಟ್.

ಇದು ಹೊಸದಾಗಿ ಸಾಣೆ ಹಿಡಿದ ಡ್ರಿಲ್ಲಿನ ಲೆಕ್ಕ. ಸವೆತಕ್ಕಾಗಿ ಸಾಮಾನ್ಯ ಕೊರೆತಕ್ಕೆ 1.3ರ ಗುಣಕವನ್ನೂ ಕಠಿಣ ಲೋಹ ಅಥವಾ ತೀರ ಮೊಂಡಾದ ಡ್ರಿಲ್ಲಿಗೆ 1.5ರ ಗುಣಕವನ್ನೂ ಬಳಸುವುದು ವಾಡಿಕೆ. 1.3 ಹಿಡಿದರೆ ಸ್ಪಿಂಡಲ್ಲಿನಲ್ಲಿ 2.05 ಕಿಲೋವ್ಯಾಟ್. ಗೇರು-ಬೆಲ್ಟುಗಳಲ್ಲಿ ಕಳೆಯುವ ಪಾಲೂ ಇದೆ. ನೇರ ಬೆಲ್ಟ್ ಚಾಲನೆಗೆ ದಕ್ಷತೆ ಸುಮಾರು 0.9, ಗೇರ್ ಹೆಡ್ಡಿಗೆ 0.7ರಿಂದ 0.8. ಗೇರ್ ಹೆಡ್ ಯಂತ್ರದಲ್ಲಿ 0.8 ಹಿಡಿದರೆ ಮೋಟರಿಗೆ 2.57 ಕಿಲೋವ್ಯಾಟ್ ಬೀಳುತ್ತದೆ. ಅಂದರೆ 3 ಎಚ್‌ಪಿ (2.2 ಕಿಲೋವ್ಯಾಟ್) ಮೋಟರ್ ಹೊಸ ಡ್ರಿಲ್ಲನ್ನು ಎಳೆದೀತು, ಮೊಂಡಾದಾಗ ಹೆಚ್ಚು ಹೊರೆಗೆ ಬೀಳುತ್ತದೆ, 5 ಎಚ್‌ಪಿ (3.7 ಕಿಲೋವ್ಯಾಟ್) ಸೂಕ್ತ.

ಅದೇ ತೂತು, ಅದೇ ಫೀಡ್, ಲೋಹ ಮಾತ್ರ ಬೇರೆ ಆದರೆ ಬೂದು ಬೀಡುಕಬ್ಬಿಣಕ್ಕೆ ಸುಮಾರು 26 ನ್ಯೂಟನ್-ಮೀಟರ್, ಇಎನ್-19ರ ಬಗೆಯ ಉಕ್ಕಿಗೆ ಸುಮಾರು 56 ನ್ಯೂಟನ್-ಮೀಟರ್ ಬರುತ್ತದೆ.

ಥ್ರಸ್ಟಿನ ಸರಳ ಅಂದಾಜು: ನಿರ್ದಿಷ್ಟ ಬಲ, ಫೀಡ್, ವ್ಯಾಸ, ಅರ್ಧ ತುದಿಕೋನದ ಸೈನ್ ಇವುಗಳ ಗುಣಲಬ್ಧದ ಕಾಲುಭಾಗ. ಈ ಉದಾಹರಣೆಯಲ್ಲಿ ಅದು ಸುಮಾರು 3250 ನ್ಯೂಟನ್. ಇದು ಚಿಸೆಲ್ ಅಂಚನ್ನು ತೆಳುಗೊಳಿಸಿದ ತುದಿಗೆ ಹೊಂದುವ ಅಂಕಿ. ಸಾಧಾರಣ ಸಾಣೆಯ ಎಚ್‌ಎಸ್‌ಎಸ್ ಡ್ರಿಲ್ಲಿಗೆ ಇನ್ನೂ ಹೆಚ್ಚು ಬೇಕು. ಇಷ್ಟು ದೊಡ್ಡ ಬಲವಾದರೂ ಅದು ಸರಿಯುವ ವೇಗ ನಿಮಿಷಕ್ಕೆ 100 ಮಿಲಿಮೀಟರ್ ಮಾತ್ರ. ಹಾಗಾಗಿ ಫೀಡಿಗೆ ತಗಲುವ ಸಾಮರ್ಥ್ಯ ಐದಾರು ವ್ಯಾಟ್. ಸ್ಪಿಂಡಲ್ಲಿನ ಲೆಕ್ಕದಲ್ಲಿ ಅದನ್ನು ಬಿಡಬಹುದು. ಆದರೆ ಯಂತ್ರದ ಕಂಬವನ್ನು ಬಾಗಿಸುವುದೂ ಬೇರಿಂಗುಗಳ ಮೇಲೆ ಕೂರುವುದೂ ಇದೇ ಬಲ.

ಇತರ ಸೂತ್ರಗಳು

ಸಿಎಂಟಿಐ ಕೈಪಿಡಿಯ ಸೂತ್ರ ಪ್ರಯೋಗದ ಅಂಕಿಗಳಿಗೆ ನೇರವಾಗಿ ಹೊಂದಿಸಿದ್ದು:

ಸಾಮರ್ಥ್ಯ = 1.25 × ವ್ಯಾಸದ ವರ್ಗ × ಲೋಹದ ಗುಣಕ × ಆರ್‌ಪಿಎಂ × (0.056 + 1.5 × ಫೀಡ್) ÷ 1,00,000

ಲೋಹದ ಗುಣಕವನ್ನು ಅದೇ ಕೈಪಿಡಿಯ ಕೋಷ್ಟಕದಿಂದ ಆರಿಸಬೇಕು. ಕಂಸದೊಳಗಿನ 0.056 ಈ ಸೂತ್ರದ ತಿರುಳು. ಫೀಡ್ ಎಷ್ಟೇ ಇಳಿದರೂ ಇಳಿಯದ ಪಾಲು ಅದು. ಉಜ್ಜುವಿಕೆಗೆ ತೆರುವ ಬೆಲೆ. ಫೀಡ್ 0.25 ಇದ್ದಾಗ ಈ ಪಾಲು ಒಟ್ಟು ಸಾಮರ್ಥ್ಯದ 13 ಶೇಕಡಾ. ಫೀಡನ್ನು 0.05ಕ್ಕೆ ಇಳಿಸಿದರೆ 43 ಶೇಕಡಾ. ಯಂತ್ರಕ್ಕೆ ಹೊರೆ ಕಡಿಮೆಯಾಗಲೆಂದು ಫೀಡನ್ನು ತೀರ ಇಳಿಸಿದಾಗ ಡ್ರಿಲ್ ಕತ್ತರಿಸುವುದನ್ನು ಬಿಟ್ಟು ಉಜ್ಜುತ್ತ ಬಿಸಿಯಾಗುವುದರ ಕಾರಣ ಇಲ್ಲಿ ಅಂಕಿಯಾಗಿಯೇ ಕಾಣುತ್ತದೆ.

ಶಾ ಮತ್ತು ಆಕ್ಸ್‌ಫರ್ಡ್ ಸೂತ್ರದಲ್ಲಿ ಟಾರ್ಕ್ ಬ್ರಿನೆಲ್ ಗಡಸುತನಕ್ಕೆ ನೇರ ಅನುಪಾತದಲ್ಲೂ ಫೀಡಿನ 0.8 ಮತ್ತು ವ್ಯಾಸದ 1.8 ಘಾತಗಳಿಗೆ ಅನುಗುಣವಾಗಿಯೂ ಏರುತ್ತದೆ. ಲೋಹದ ದರ್ಜೆ ಗೊತ್ತಿಲ್ಲದೆ ಗಡಸುತನ ಮಾತ್ರ ಅಳೆದು ಗೊತ್ತಿದ್ದಾಗ ಇದು ಅನುಕೂಲ.

ಸ್ಪಿಂಡಲ್ಲಿನ ಟಾರ್ಕ್–ವೇಗ ರೇಖೆ

ಲೆಕ್ಕ ಹಾಕಿದ ಅಂಕಿಗಳನ್ನು ಯಂತ್ರದ ಕ್ಯಾಟಲಾಗಿನಲ್ಲಿ ದೊಡ್ಡಕ್ಷರದಲ್ಲಿರುವ ಕಿಲೋವ್ಯಾಟ್‌ಗೆ ಹೋಲಿಸಿ ಮುಗಿಸುವುದು ತಪ್ಪು. ಹೋಲಿಸಬೇಕಾದದ್ದು ಟಾರ್ಕ್–ವೇಗ ರೇಖೆಯೊಂದಿಗೆ. ಗೇರಿಲ್ಲದ ಎಸಿ ಸ್ಪಿಂಡಲ್ ಮೋಟರ್ ತನ್ನ ಆಧಾರ ವೇಗದವರೆಗೆ ಒಂದೇ ಟಾರ್ಕ್ ಕೊಡುತ್ತದೆ. ಅಲ್ಲಿಂದ ಮೇಲೆ ಒಂದೇ ಸಾಮರ್ಥ್ಯ ಕೊಡುತ್ತದೆ. 11 ಕಿಲೋವ್ಯಾಟ್, ಆಧಾರ ವೇಗ 1500 ಆರ್‌ಪಿಎಂ ಇರುವ ಸ್ಪಿಂಡಲ್ಲಿನ ಗರಿಷ್ಠ ಟಾರ್ಕ್ 70 ನ್ಯೂಟನ್-ಮೀಟರ್. 400 ಆರ್‌ಪಿಎಂನಲ್ಲಿ ಅದೇ ಯಂತ್ರದಿಂದ ಸಿಗುವುದು 2.9 ಕಿಲೋವ್ಯಾಟ್ ಮಾತ್ರ.

ಈ ಯಂತ್ರದಲ್ಲಿ ಸಿ-45 ಉಕ್ಕಿಗೆ 40 ಮಿಲಿಮೀಟರ್ ತೂತು ಹಾಕಬೇಕೆನ್ನಿ. ಎಚ್‌ಎಸ್‌ಎಸ್ ಡ್ರಿಲ್ಲನ್ನು 25 ಮೀಟರ್ ವೇಗ, 0.35 ಫೀಡಿನಲ್ಲಿ ಬಿಟ್ಟರೆ 199 ಆರ್‌ಪಿಎಂ, 203 ನ್ಯೂಟನ್-ಮೀಟರ್, 4.2 ಕಿಲೋವ್ಯಾಟ್ ಬೇಕು. ಕಿಲೋವ್ಯಾಟ್ ಲೆಕ್ಕದಲ್ಲಿ ಯಂತ್ರ ಧಾರಾಳವಾಗಿದೆ. ಟಾರ್ಕಿನ ಲೆಕ್ಕದಲ್ಲಿ ಬೇಕಾದುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ ಇದೆ, ಸ್ಪಿಂಡಲ್ ನಿಂತುಹೋಗುತ್ತದೆ. ಅದೇ ತೂತನ್ನು ಇನ್‌ಸರ್ಟ್ ಹಾಕಿದ ಯು-ಡ್ರಿಲ್ಲಿನಲ್ಲಿ 200 ಮೀಟರ್ ವೇಗ, 0.12 ಫೀಡಿನಲ್ಲಿ ಕೊರೆದರೆ 1592 ಆರ್‌ಪಿಎಂ, ಸುಮಾರು 72 ನ್ಯೂಟನ್-ಮೀಟರ್, 12 ಕಿಲೋವ್ಯಾಟ್ ಬೇಕು. ಈಗ ಟಾರ್ಕ್ ಮೂರನೆಯ ಒಂದಕ್ಕೆ ಇಳಿದಿದೆ, ಆದರೆ ಸಾಮರ್ಥ್ಯ ಯಂತ್ರದ ಮಿತಿಯನ್ನು ಸ್ವಲ್ಪ ದಾಟಿದೆ. ವೇಗವನ್ನೋ ಫೀಡನ್ನೋ ತುಸು ಇಳಿಸಬೇಕು. ಹಳೆಯ ಗೇರ್ ಹೆಡ್ ರೇಡಿಯಲ್ ಡ್ರಿಲ್ಲಿಂಗ್ ಯಂತ್ರ ಇದಕ್ಕಿಂತ ಸಣ್ಣ ಮೋಟರಿನಲ್ಲಿ ಆ 40 ಮಿಲಿಮೀಟರ್ ಎಚ್‌ಎಸ್‌ಎಸ್ ಡ್ರಿಲ್ಲನ್ನು ಎಳೆಯಬಲ್ಲದು, ಏಕೆಂದರೆ ಗೇರು ವೇಗವನ್ನು ಇಳಿಸಿದಷ್ಟೂ ಟಾರ್ಕನ್ನು ಏರಿಸುತ್ತದೆ.

ಸಾಲಿಡ್ ಕಾರ್ಬೈಡ್ ಡ್ರಿಲ್ಲಿನ ಹೊರೆಯೂ ಯು-ಡ್ರಿಲ್ಲಿನ ಬಗೆಯದು. 140 ಡಿಗ್ರಿ ತುದಿಯ 12 ಮಿಲಿಮೀಟರ್ ಡ್ರಿಲ್ ಅದೇ ಉಕ್ಕಿನಲ್ಲಿ 90 ಮೀಟರ್ ವೇಗ, 0.25 ಫೀಡಿಗೆ 13.5 ನ್ಯೂಟನ್-ಮೀಟರ್ ಮಾತ್ರ ಕೇಳುತ್ತದೆ, ಸಾಮರ್ಥ್ಯ 3.4 ಕಿಲೋವ್ಯಾಟ್ ಕೇಳುತ್ತದೆ. ಇದು 20 ಮಿಲಿಮೀಟರ್ ಎಚ್‌ಎಸ್‌ಎಸ್ ಡ್ರಿಲ್ಲಿಗೆ ಬೇಕಾದ ಸಾಮರ್ಥ್ಯದ ಎರಡು ಪಟ್ಟಿಗಿಂತ ಹೆಚ್ಚು.

ರೇಖೆ ಓದುವಾಗ ಸತತ ದರ ಯಾವುದು, ಅಲ್ಪಕಾಲದ ದರ ಯಾವುದು ಎಂದು ನೋಡಬೇಕು. ಮೂವತ್ತು ನಿಮಿಷದ ದರವನ್ನೇ ದೊಡ್ಡದಾಗಿ ಅಚ್ಚುಹಾಕುವುದುಂಟು. ಬಿಡಿ ಕೆಲಸಕ್ಕೆ ಅದು ಸಾಕು, ಮೂರು ಪಾಳಿಯ ಉತ್ಪಾದನೆಗೆ ಸತತ ದರವೇ ಆಧಾರ.

ಪೈಲಟ್ ತೂತು

ಮೊದಲು ಸಣ್ಣ ತೂತು ಹಾಕಿ ಆಮೇಲೆ ದೊಡ್ಡ ಡ್ರಿಲ್ ಇಳಿಸಿದರೆ ಸೂತ್ರದಲ್ಲಿ ವ್ಯಾಸದ ವರ್ಗದ ಬದಲು ಎರಡು ವ್ಯಾಸಗಳ ವರ್ಗಗಳ ವ್ಯತ್ಯಾಸ ಬರುತ್ತದೆ. 20 ಮಿಲಿಮೀಟರ್ ತೂತಿಗೆ 8 ಮಿಲಿಮೀಟರ್ ಪೈಲಟ್ ಹಾಕಿದರೆ ಟಾರ್ಕ್ 37.9ರಿಂದ 31.9ಕ್ಕೆ, ಅಂದರೆ 16 ಶೇಕಡಾ ಮಾತ್ರ ಇಳಿಯುತ್ತದೆ. ಚಿಸೆಲ್ ಅಂಚಿಗೆ ಕೆಲಸವೇ ಇಲ್ಲವಾಗುವುದರಿಂದ ಥ್ರಸ್ಟ್ ಮಾತ್ರ ಬಹಳ ಇಳಿಯುತ್ತದೆ. ಕೈ ಹಿಡಿಯಲ್ಲಿ ಒತ್ತುವವರಿಗೆ ಹಗುರವೆನಿಸುವುದು ಇದರಿಂದ. ಟಾರ್ಕ್ ಸಾಲದ ಯಂತ್ರಕ್ಕೆ ಪೈಲಟ್ ತೂತು ದೊಡ್ಡ ಪರಿಹಾರವಲ್ಲ.

ಅಂದಾಜು ತಪ್ಪುವ ಸಂದರ್ಭಗಳು

ಆಳದ ತೂತಿನಲ್ಲಿ ಫ್ಲೂಟ್ ಕಟ್ಟಿಕೊಂಡರೆ ಟಾರ್ಕ್ ಸೂತ್ರದ ಅಂಕಿಯನ್ನು ದಾಟಿ ಏರುತ್ತದೆ; ಸಣ್ಣ ಡ್ರಿಲ್ಲುಗಳು ಹೆಚ್ಚಾಗಿ ಮುರಿಯುವುದು ಹೀಗೆಯೇ. ಡ್ರಿಲ್ಲನ್ನು ಆಗಾಗ ಮೇಲೆತ್ತಿ ಇಳಿಸುವ ಪೆಕ್ ಕ್ರಮ ಮತ್ತು ಡ್ರಿಲ್ಲಿನ ಒಳಗಿಂದ ಬರುವ ಕೂಲೆಂಟ್ ಇದಕ್ಕೆ ಉಪಾಯ. ಆಸ್ಟೆನಿಟಿಕ್ ಸ್ಟೇನ್‌ಲೆಸ್ ಉಕ್ಕು ಉಜ್ಜಿದಲ್ಲೆಲ್ಲ ಗಡಸಾಗುವುದರಿಂದ ಫೀಡ್ ನಿಲ್ಲಿಸಿ ಮತ್ತೆ ಶುರುಮಾಡಿದಾಗ ಅಂದಾಜು ಕೈಕೊಡುತ್ತದೆ. ಹಿತ್ತಾಳೆಯಲ್ಲಿ ಸಮಸ್ಯೆ ಬೇರೆ: ಧನಾತ್ಮಕ ರೇಕ್ ಇರುವ ಡ್ರಿಲ್ ತನ್ನನ್ನು ತಾನೇ ಒಳಗೆ ಎಳೆದುಕೊಂಡು ಫೀಡನ್ನು ಏರಿಸಿಕೊಳ್ಳುತ್ತದೆ.

ತೂತು ಆಚೆ ಹಾಯುವ ಗಳಿಗೆ ಅತ್ಯಂತ ಅಪಾಯದ್ದು. ಚಿಸೆಲ್ ಅಂಚು ಹೊರಬಿದ್ದೊಡನೆ ಥ್ರಸ್ಟ್ ಕುಸಿಯುತ್ತದೆ, ಬಾಗಿದ್ದ ಯಂತ್ರ ಮೊದಲಿನ ಸ್ಥಿತಿಗೆ ಚಿಮ್ಮುತ್ತದೆ, ಫೀಡ್ ಒಮ್ಮೆಲೆ ಹೆಚ್ಚಿ ಟಾರ್ಕ್ ನೆಗೆಯುತ್ತದೆ. ಜಾಬನ್ನು ಕೈಯಲ್ಲಿ ಹಿಡಿದವರ ಬೆರಳು ಹೋಗುವುದು ಈ ಕ್ಷಣದಲ್ಲಿ. ನೆಗೆತದ ಮಾತು ಬಿಟ್ಟು, ಮೇಲಿನ ಉದಾಹರಣೆಯ 37.9 ನ್ಯೂಟನ್-ಮೀಟರನ್ನೇ ಹಿಡಿದರೂ ಅಕ್ಷದಿಂದ 15 ಸೆಂಟಿಮೀಟರ್ ದೂರದಲ್ಲಿ ಅದು 250 ನ್ಯೂಟನ್, ಅಂದರೆ 25 ಕಿಲೋ ತೂಕದಷ್ಟು ತಳ್ಳುತ್ತದೆ. ಕ್ಲ್ಯಾಂಪು, ವೈಸುಗಳ ಬಲವನ್ನು ನಿರ್ಧರಿಸುವುದೂ ಟಾರ್ಕ್ ಅಂದಾಜಿನ ಕೆಲಸವೇ.

ಅಳತೆ ಮತ್ತು ಈಗಿನ ಸ್ಥಿತಿ

ಪ್ರಯೋಗಾಲಯಗಳಲ್ಲಿ ಟಾರ್ಕ್ ಮತ್ತು ಥ್ರಸ್ಟನ್ನು ಸ್ಟ್ರೇನ್ ಗೇಜ್ ಅಥವಾ ಪೀಜೋ ವಿದ್ಯುತ್ ಡೈನಮೋಮೀಟರಿನಿಂದ ಅಳೆಯುತ್ತಾರೆ. ಕಾರ್ಖಾನೆಯಲ್ಲಿ ಸಿಎನ್‌ಸಿ ಪರದೆಯ ಸ್ಪಿಂಡಲ್ ಲೋಡ್ ಶೇಕಡಾವಾರು ಅಂಕಿಯೇ ಕೈಗೆಟುಕುವ ಸಾಧನ. ಅದರಿಂದ ಮೊದಲು ಖಾಲಿ ತಿರುಗುವಾಗಿನ ಲೋಡನ್ನು ಕಳೆಯಬೇಕು. ಅದು ಯಾವ ದರದ ಶೇಕಡಾ ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಬೇಕು. ಒಂದೇ ಜಾಬಿನ ಸಾವಿರ ತೂತುಗಳ ಸಾಲಿನಲ್ಲಿ ಈ ಅಂಕಿ ಕ್ರಮೇಣ ಏರಿದರೆ ಡ್ರಿಲ್ ಮೊಂಡಾಗುತ್ತಿದೆ ಎಂದು ಅರ್ಥ. ಮಿತಿ ದಾಟಿದೊಡನೆ ಯಂತ್ರ ತಾನೇ ಬೇರೆ ಡ್ರಿಲ್ ತೆಗೆದುಕೊಳ್ಳುವ ವ್ಯವಸ್ಥೆ ಈಗ ಸಾಮಾನ್ಯ. ಉಪಕರಣ ತಯಾರಕರು ಕೀನ್ಸ್ಲೆ ಸೂತ್ರವನ್ನು ಒಳಗಿಟ್ಟ ಲೆಕ್ಕದ ಆ್ಯಪ್‌ಗಳನ್ನು ಉಚಿತವಾಗಿ ಕೊಡುತ್ತಿದ್ದಾರೆ. ಅವುಗಳ ಉತ್ತರ ಬಹುಪಾಲು ಹೊಸ ಡ್ರಿಲ್ಲಿನದು, ಸವೆತ ಮತ್ತು ದಕ್ಷತೆಯ ಗುಣಕಗಳನ್ನು ಬಳಸುವವರೇ ಸೇರಿಸಬೇಕು.

ಸಣ್ಣ ಡ್ರಿಲ್ಲುಗಳಲ್ಲಿ ಲೋಡ್ ಮೀಟರ್ ನೆರವಾಗುವುದಿಲ್ಲ. ಸಿ-45ರಲ್ಲಿ 0.06 ಫೀಡಿನ 3 ಮಿಲಿಮೀಟರ್ ಡ್ರಿಲ್ ಕೇಳುವುದು 0.25 ನ್ಯೂಟನ್-ಮೀಟರ್, 70 ನ್ಯೂಟನ್-ಮೀಟರಿನ ಸ್ಪಿಂಡಲ್ಲಿನಲ್ಲಿ ಅದು ಶೇಕಡಾ ಅರ್ಧಕ್ಕಿಂತ ಕಡಿಮೆ, ಬೇರಿಂಗಿನ ಏರಿಳಿತದಲ್ಲೇ ಮುಚ್ಚಿಹೋಗುತ್ತದೆ. ಅಂಥ ಕೆಲಸಕ್ಕೆ ಟೂಲ್ ಹೋಲ್ಡರಿನಲ್ಲೇ ಟಾರ್ಕ್ ಸಂವೇದಕ ಇಡುವ ಅಥವಾ ಜಾಬಿನ ಕೆಳಗೆ ಡೈನಮೋಮೀಟರ್ ಕೂರಿಸುವ ಕ್ರಮ ಬಳಕೆಯಲ್ಲಿದೆ.